ಸೂರ್ಯ ಹುಟ್ಟದಿದ್ದರೆ ಎಂದು ನಮ್ಮಜ್ಜಿಯನ್ನು ಕೇಳಿದವರಿಗೆ

ಹಿರಿಯರ ಸೃಜನಶೀಲತೆಯನ್ನು ಅಳೆಯುವ ಯೋಜನೆಯ ಮುಖ್ಯಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ನಮ್ಮಜ್ಜಿ ಹೊನ್ನಕ್ಕನ ಚಪ್ಪಲಿಗಳು ಅಟ್ಟದ ಮೇಲೆ, ಒಣಮೆಣಸಿನಕಾಯಿ ಡಬ್ಬದ ಪಕ್ಕ ಕೂತಿದ್ದವು. ಅಲ್ಲಿಗೆ ಹತ್ತಿಸಿದವರು ನಮ್ಮಪ್ಪ. ಹತ್ತಿಸುವಂತೆ ಮಾಡಿದವರು ತಾವು. "ಕಲ್ಪನಾಶಕ್ತಿ ಶೂನ್ಯ. ಒಂಟಿಯಾಗಿ ಓಡಾಡುವ ಬಗ್ಗೆ ಎಚ್ಚರ ಅಗತ್ಯ" ಎಂಬ ತಮ್ಮ ಕಚೇರಿಯ ವರದಿ ಬಂದಂದಿನಿಂದ ಅಪ್ಪ ಆಕೆಯನ್ನು ಹೊಸಿಲು ದಾಟಲು ಬಿಟ್ಟಿಲ್ಲ. ವಾರಕ್ಕೊಮ್ಮೆ ಒಬ್ಬಳೇ ಬಸ್ಸು ಹತ್ತಿ ಕೊಂಡ್ಲಹಳ್ಳಿಯ ತಂಗಿಯ ಮನೆಗೆ ಹೋಗುತ್ತಿದ್ದವಳು ಈಗ ಜಗಲಿಯಲ್ಲಿ ಕೂತು ಬಸ್ಸಿನ ಹಾರನ್ ಕೇಳುತ್ತಾಳೆ.

ಪರೀಕ್ಷೆ ನಡೆದ ದಿನ ಚಳ್ಳಕೆರೆಯ ಸಮುದಾಯ ಭವನದಲ್ಲಿ ನಾನೂ ಇದ್ದೆ, ಮೂಲೆಯಲ್ಲಿ. ನಾನು ಸಾಮಾನ್ಯವಾಗಿ ಮೂಲೆಯಲ್ಲೇ ಇರುತ್ತೇನೆ. ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ. ತಮ್ಮ ಪರೀಕ್ಷಕರು ಕೇಳಿದರು: "ಅಜ್ಜಿ, ನಾಳೆಯಿಂದ ಸೂರ್ಯ ಹುಟ್ಟೋದೇ ಇಲ್ಲ ಅಂದ್ಕೊಳ್ಳಿ. ಏನೇನಾಗುತ್ತೆ?"

"ಬಿಡ್ತು ಅನ್ನಪ್ಪ!"

"ಇದು ಬರೀ ಕಲ್ಪನೆ ಅಜ್ಜಿ."

"ಕಲ್ಪನೇನೋ ಗಿಲ್ಪನೇನೋ! ಮ್ಯಾಲೆ ದೇವತೆಗಳು ಅಸ್ತು ಅಂದ್ಬಿಟ್ರೆ ಏನ್ ಮಾಡ್ತೀಯ? ಹೆಂಡ್ತಿ ಮಕ್ಳು ಇರೋನು. ಮೊದ್ಲು ಬಿಡ್ತು ಅನ್ನು."

ಪರೀಕ್ಷಕರು ಬಿಡ್ತು ಅಂದರು. ಅಜ್ಜಿ ಅಷ್ಟಕ್ಕೇ ಬಿಡದೆ ಅವರ ಟೈ ಹಿಡಿದು ಹತ್ತಿರ ಎಳೆದು ದೃಷ್ಟಿಯನ್ನೂ ತೆಗೆದಳು. ಇದು ತಮ್ಮ ಕಡತದಲ್ಲಿ "ಉತ್ತರವಿಲ್ಲ, ಉದ್ವಿಗ್ನತೆ" ಎಂದು ದಾಖಲಾಗಿದೆ.

ಮುಂದಿನ ಸರದಿ ಮೆಕ್ಯಾನಿಕ್ ಲಾಲ್ ಸಾಬರದು. ಲೋಕದಲ್ಲಿ ಚಕ್ರಗಳೇ ಇಲ್ಲದಿದ್ದರೆ?

"ತೋಬಾ ತೋಬಾ! ಬೆಳ್‌ಬೆಳಿಗ್ಗೆ ಹೊಟ್ಟೆ ಮ್ಯಾಲೆ ಹೊಡೀತೀರಲ್ರೀ ಸಾಹೇಬ್ರೆ!"

ಅವರಿಗೂ ಸೊನ್ನೆ.

ಮಾನ್ಯರೇ, ನಮ್ಮ ಕಡೆಯ ಹಿರಿಯರು ಕೆಟ್ಟದ್ದನ್ನು ಬಾಯಲ್ಲಿ ಆಡುವುದಿಲ್ಲ. ಆಡಿದರೆ ಆಗಿಬಿಟ್ಟೀತೆಂಬ ಭಯ. ಸೂರ್ಯನಿಲ್ಲದ ಬೆಳಗನ್ನು, ಅದರಲ್ಲಿ ತಡಕಾಡುವ ತಮ್ಮ ಪರೀಕ್ಷಕರ ಹೆಂಡತಿ ಮಕ್ಕಳ ಸಮೇತ, ಒಂದೇ ಕ್ಷಣದಲ್ಲಿ ಕಂಡು ಬೆಚ್ಚಿದ ಮುದುಕಿಗೆ ಕಲ್ಪನೆಯಿಲ್ಲವೇ? ಅದೇ ಪ್ರಶ್ನೆಯನ್ನು ಆಕಳಿಸುತ್ತಾ ಓದಿದವರಿಗೆ ಇದೆಯೇ?

ಇನ್ನೊಂದು ಸಾಕ್ಷಿ ಕೊಡುತ್ತೇನೆ. ನಮ್ಮ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಬಳಿ ಖಾಸಗಿ ಬಸ್ಸು ನಿಲ್ಲಿಸುವುದಿಲ್ಲ. ಅಜ್ಜಿಗೆ ಒಂದು ದಿನ ಅಲ್ಲೇ ಇಳಿಯಬೇಕಿತ್ತು. "ಡ್ರೈವರಪ್ಪ, ಮುಂದ್ಲ ತಿರುವಿನಾಗೆ ಆರ್‌ಟಿಓ ಸಾಹೇಬ್ರು ನಿಂತವ್ರಂತೆ" ಎಂದಳು. ಟಾಪಿನ ಮೇಲೂ ಜನ ತುಂಬಿದ್ದ ಬಸ್ಸು ಗಕ್ಕನೆ ನಿಂತಿತು. ಅಜ್ಜಿ ನಿಧಾನವಾಗಿ ಇಳಿದು, "ಸಾಹೇಬ್ರು ಹೋದ್ರೇನೋ, ನೀನೂ ಹೋಗಪ್ಪ" ಎಂದಳು. ಇದಕ್ಕೆ ತಮ್ಮಲ್ಲಿ ಎಷ್ಟು ಅಂಕ?

ಆದ್ದರಿಂದ ಆ ವರದಿಯನ್ನು ಹಿಂಪಡೆಯಿರಿ. ತಪ್ಪು ನಮ್ಮದು ಎಂದು ಮೊಹರು ಒತ್ತಿ ಬರೆದುಕೊಡಿ. ಅಪ್ಪ ಮೊಹರಿಗೆ ಮಾತ್ರ ಹೆದರುತ್ತಾರೆ. ಮತ್ತೆ ಕೇಳಲೇಬೇಕೆಂದಿದ್ದರೆ, ಕುರಿಗಳಿಗೆ ಮಾತು ಬಂದರೆ ಏನಾಗುತ್ತದೆಂದು ಕೇಳಿ. ಬುತ್ತಿ ಕಟ್ಟಿಕೊಂಡು ಬನ್ನಿ, ಅಜ್ಜಿ ಸಂಜೆಯವರೆಗೆ ಬಿಡುವುದಿಲ್ಲ.

ತಮ್ಮ ಉತ್ತರಕ್ಕೆ ನಾನು ಕಾಯುವುದಿಲ್ಲ. ಸೋಮವಾರ ಅಜ್ಜಿಯನ್ನು ಕೊಂಡ್ಲಹಳ್ಳಿ ಬಸ್ಸಿಗೆ ಹತ್ತಿಸುತ್ತೇನೆ. ನಾನು ಜೊತೆಗೆ ಹೋಗುವುದಿಲ್ಲ. ಮನೆಗೆ ವಾಪಸು ಬಂದು, ಕಳಿಸಿದವಳು ನಾನೇ ಎಂದು ಅಪ್ಪನ ಎದುರು ನಿಂತು ಹೇಳುತ್ತೇನೆ.

ಇಂತಿ,
ಕನ್ನಡ ಎಂ.ಎ. ಮಾಡಿಯೂ ಅಪ್ಪನ ಮುಂದೆ ಈವರೆಗೆ ಒಂದು ಪೂರ್ತಿ ವಾಕ್ಯ ಆಡದ,
ಸೊನ್ನೆ ಅಂಕದ ಹೊನ್ನಕ್ಕನ ಮೊಮ್ಮಗಳು
ಪವಿತ್ರ