ಭಟ್ಟಿ ಬೀದಿ ಕಟ್ಟಿಸಿದವರಿಗೆ ತಿಳಿವಳಿಕೆ ಪತ್ರ

ಸಂತೆಗಟ್ಟ,
ದುರಸ್ತಿಮಾಸದ ಕೊನೆಯ ವಾರ, ೨೧೬೩

ಸಂತೆಗಟ್ಟ ಪುರಸಭೆಯ ಅಧ್ಯಕ್ಷೆ ಶ್ರೀಮತಿ ಹಾಲಮ್ಮ ಪರಮೇಶ್ವರಪ್ಪನವರಿಗೂ, ಉದ್ಘಾಟನೆಯ ಕಲ್ಲಿನ ಮೇಲೆ ಅವರ ಕೆಳಗೆ ಹೆಸರಿರುವ ಸದಸ್ಯರೆಲ್ಲರಿಗೂ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನೀವೆಲ್ಲ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಕ್ಷಮೆಯಿರಲಿ, ನಮ್ಮ ಕಾಲದ ಕನ್ನಡ ಸ್ವಲ್ಪ ಒರಟು. ನಿಮಗೆ ಗೊತ್ತಿಲ್ಲದ ಪದಗಳೂ ನಡುವೆ ಬಂದಾವು. ಮೊದಲನೆಯದು ಆಗಲೇ ಬಂದಿದೆ: ದುರಸ್ತಿಮಾಸ. ನಿಮ್ಮ ಕಾಲದಲ್ಲಿ ಅಧಿಕ ಮಾಸ ಬಂದರೆ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಇದೂ ಅಂಥದ್ದೇ. ಬೇರೆ ತಿಂಗಳುಗಳಿಂದ ಎರಡೆರಡು ದಿನ ಕಿತ್ತು, ಯುಗಾದಿಗೆ ಮುಂಚೆ ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಈ ತಿಂಗಳು ಊರಿನಲ್ಲಿ ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಇದ್ದದ್ದನ್ನು ರಿಪೇರಿ ಮಾಡಬೇಕು, ರಿಪೇರಿಯಾಗದ್ದನ್ನು ಬಿಡಬೇಕು.

ನಾನು ಈ ಊರಿನ ನಿಭಾವಣಾಧಿಕಾರಿ, ಹೆಸರು ಸುಕನ್ಯಾ ಕೊಟ್ರೇಶ. ನೀವು ಮುಖ್ಯಾಧಿಕಾರಿ ಎನ್ನುತ್ತಿದ್ದ ಹುದ್ದೆಯೇ ಇದು. ಮುಖ್ಯವಾದದ್ದೇನೂ ನಮ್ಮ ಕೈಯಲ್ಲಿ ಉಳಿಯದ ಮೇಲೆ, ಹೇಗೋ ನಿಭಾಯಿಸುವವಳು ಎಂಬ ಅರ್ಥದಲ್ಲಿ ಹೆಸರು ಬದಲಾಯಿಸಿದರು. ದುರಸ್ತಿಮಾಸದಲ್ಲಿ ನನಗೊಂದು ಕೆಲಸವಿದೆ. ಎಲ್ಲ ಬೀದಿಗಳನ್ನೂ ನೋಡಿಕೊಳ್ಳಲು ಊರಿನ ಕೈಯಲ್ಲಿ ಆಗದಿದ್ದರೆ ಒಂದು ಬೀದಿಯನ್ನು ಆರಿಸಿ, ಅದಕ್ಕೆ ನೀರು, ದೀಪ, ಕಸದ ಗಾಡಿ ಎಲ್ಲವನ್ನೂ ನಿಲ್ಲಿಸಬೇಕು. ಕಾಗದದಲ್ಲಿ ಅದನ್ನು ‘ವಿರಾಮ ಬೀದಿ’ ಎನ್ನುತ್ತೇವೆ. ಜನ ‘ಕೈಬಿಟ್ಟ ಬೀದಿ’ ಎನ್ನುತ್ತಾರೆ, ಜನರ ಮಾತೇ ಸರಿ. ಬಿಡುವ ಮುನ್ನ ಆ ಬೀದಿಯನ್ನು ಕಟ್ಟಿಸಿದವರಿಗೆ ತಿಳಿಸಬೇಕೆಂಬುದು ನಿಯಮ. ಕಟ್ಟಿಸಿದವರು ಬದುಕಿರುವುದಿಲ್ಲ. ಆದರೂ ಬರೆಯುತ್ತೇವೆ, ಬೀದಿಯ ಉದ್ಘಾಟನೆಯ ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇವೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೀರಲ್ಲ, ಹಾಗೆ. ಇದುವರೆಗೆ ಯಾರಿಂದಲೂ ಉತ್ತರ ಬಂದಿಲ್ಲ. ನನ್ನ ಪತ್ರ ಮಾತ್ರ, ಆ ಬೀದಿಗೆ ಹಣ ಮಂಜೂರು ಮಾಡಿದ ನಿಮ್ಮ ಆಯವ್ಯಯ ಸಭೆಯ ಹಿಂದಿನ ದಿನ ನಿಮ್ಮ ಕೈ ಸೇರಲಿ ಎಂದು ಆಸೆಪಡುತ್ತಿದ್ದೇನೆ. ಆಸೆಗೆ ಕಂದಾಯವಿಲ್ಲ.

ಈ ವರ್ಷ ನಾನು ಆರಿಸಿದ್ದು ಹಳ್ಳದ ಆಚೆಗಿನ ಭಟ್ಟಿ ಬೀದಿಯನ್ನು.

ಊರು ಹೇಗಿದೆ ಎಂದು ಕೇಳುವ ಹಕ್ಕು ನಿಮಗಿದೆ. ನೀವು ಕಟ್ಟಿಸಿದ ಸ್ವಾಗತ ಕಮಾನು ಇನ್ನೂ ಗಟ್ಟಿಯಾಗಿ ನಿಂತಿದೆ, ಅದಕ್ಕೆ ನೀರೂ ಬೇಡ, ದೀಪವೂ ಬೇಡ. ಬಹಳಷ್ಟು ಉದ್ಘಾಟನೆಯ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ಬೇಸರ ಮಾಡಿಕೊಳ್ಳಬೇಡಿ, ನುಣುಪಾದ ಗ್ರಾನೈಟು, ಸೀರೆ ಹರಿಯುವುದಿಲ್ಲ ಎಂದು ಹೆಂಗಸರು ನಿಮ್ಮನ್ನು ಹೊಗಳುತ್ತಾರೆ. ಬೀದಿದೀಪ ತಿರುವಿನಲ್ಲಿ ಮಾತ್ರ ಇದೆ. ಮನೆಗೊಬ್ಬರಂತೆ ವಾರಕ್ಕೊಮ್ಮೆ ‘ಊರಪಾಳಿ’ಗೆ ಬರಬೇಕು: ಚರಂಡಿ ಎತ್ತುವುದು, ಗುಂಡಿ ಮುಚ್ಚುವುದು, ಟ್ಯಾಂಕು ತೊಳೆಯುವುದು. ವಕೀಲರು ಸಲಿಕೆ ಹಿಡಿದು ಬರುತ್ತಾರೆ, ಬಂದು ನಿಯಮದ ಬಗ್ಗೆ ಭಾಷಣ ಮಾಡುತ್ತಾರೆ, ಅಷ್ಟರಲ್ಲಿ ಉಳಿದವರು ಚರಂಡಿ ಮುಗಿಸಿರುತ್ತಾರೆ. ಪೌರಕಾರ್ಮಿಕರಿಗೆ ನನಗಿಂತ ಹೆಚ್ಚು ಸಂಬಳ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಅವರನ್ನೇ. ನೀರು ಬರುವ ದಿನ ಟ್ಯಾಂಕಿನ ಮೇಲೆ ಕಹಳೆ ಊದುತ್ತೇವೆ. ಶಾಲೆಯಲ್ಲಿ ಪಾಠ ನಿಲ್ಲುತ್ತದೆ, ಮಕ್ಕಳು ಕೊಡ ಹಿಡಿದು ಓಡುತ್ತವೆ. ನಾವೇನೂ ಅಳುತ್ತಾ ಕೂತಿಲ್ಲ. ಈ ಊರಿನಲ್ಲಿ ನಗುವೂ ಇದೆ, ಜಗಳವೂ ಇದೆ, ಸಂಜೆ ಮಂಡಕ್ಕಿ ಮಿರ್ಚಿಯೂ ಇದೆ. ಮಂಡಕ್ಕಿ ಇನ್ನೆಷ್ಟು ದಿನವೋ ಗೊತ್ತಿಲ್ಲ.

ನಿಮ್ಮ ಸಭೆಗಳ ನಡಾವಳಿಯನ್ನು ನಾವು ಶಾಲೆಯಲ್ಲಿ ಪಾಠವಾಗಿ ಓದುತ್ತೇವೆ. ಅದನ್ನು ಓದಿ ಬೆಳೆದ ನಾನು ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ, ನೀವು ಕಳ್ಳರಾಗಿರಲಿಲ್ಲ. ಕಳ್ಳರಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಬಂದ ಹಣವನ್ನು ನೀವು ಪ್ರತಿ ವಾರ್ಡಿಗೂ ಸಮನಾಗಿ ಹಂಚುತ್ತಿದ್ದಿರಿ. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನುವ ಭೇದವಿಲ್ಲದೆ, ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ ಹಾಗೆ ಎಲ್ಲರಿಗೂ ಒಂದೇ ಪಾಲು. ಅದರಲ್ಲಿ ಒಬ್ಬರು ರಸ್ತೆ ಮಾಡಿಸಿದರು, ಒಬ್ಬರು ಸಮುದಾಯ ಭವನ ಕಟ್ಟಿಸಿದರು, ಎಲ್ಲರೂ ಕಲ್ಲು ನೆಡಿಸಿದರು. ಆದರೆ ಹೊಳೆಯಿಂದ ಊರಿಗೆ ನೀರು ತರುವ ದೊಡ್ಡ ಪೈಪು ಹೊಲಗಳ ನಡುವೆ ಬರುತ್ತಿತ್ತು. ಅದು ಯಾರ ವಾರ್ಡಿನಲ್ಲೂ ಇರಲಿಲ್ಲ. ಎಲ್ಲರಿಗೂ ನೀರು ಕೊಡುತ್ತಿದ್ದ ಪೈಪಿಗೆ ಪಂಕ್ತಿಯಲ್ಲಿ ಎಲೆಯೇ ಹಾಕಲಿಲ್ಲ. ಹಾಕಿದ್ದರೂ ಏನು ಪ್ರಯೋಜನ, ಸೋರುವ ಪೈಪಿಗೆ ತೇಪೆ ಹಾಕಿಸಿದೆ ಎಂದು ಯಾರಾದರೂ ಕಲ್ಲು ಕೆತ್ತಿಸುತ್ತಾರೆಯೇ?

ನಿಮ್ಮ ಎಂಜಿನಿಯರರು ವರ್ಷ ವರ್ಷವೂ ಈ ಪೈಪಿನ ವಿಷಯ ತಂದರು. ವರ್ಷ ವರ್ಷವೂ ‘ಮುಂದಿನ ಸಭೆಗೆ ಮುಂದೂಡಲು ತೀರ್ಮಾನಿಸಲಾಯಿತು’ ಎಂದು ಬರೆಸಿದಿರಿ. ಆ ವಾಕ್ಯ ನಮ್ಮಲ್ಲಿ ಎಷ್ಟು ಜನಪ್ರಿಯವೆಂದರೆ, ಸ್ನಾನ ಮಾಡು ಎಂದರೆ ಮಕ್ಕಳು ಅದನ್ನೇ ಹೇಳಿ ಓಡುತ್ತವೆ. ಚುನಾವಣೆ ಹತ್ತಿರ ಬಂದಾಗ ನೀರಿನ ಕಂದಾಯದ ಬಾಕಿ ಮನ್ನಾ ಮಾಡಿದಿರಿ. ಬಾಕಿಯಿಲ್ಲದೆ ಕಂದಾಯ ಕಟ್ಟಿದವರು ಪೆದ್ದರಾದರು, ಮರುವರ್ಷ ಅವರೂ ಕಟ್ಟಲಿಲ್ಲ. ಸರ್ಕಾರದಿಂದ ಅನುದಾನ ಬರುತ್ತದಲ್ಲ ಎಂದಿರಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅನುದಾನ ನಿಂತಾಗ ಊರಿಗೆ ಸ್ವಂತದ್ದೆಂದು ಉಳಿದದ್ದು ಸೋರುವ ಪೈಪು ಮತ್ತು ಕಲ್ಲುಗಳು.

ಭಟ್ಟಿ ಬೀದಿಯ ಕಥೆ ನಿಮಗೇ ಗೊತ್ತು. ಪೇಟೆಯ ಮಧ್ಯೆ ಮಂಡಕ್ಕಿ ಭಟ್ಟಿಗಳ ಹೊಗೆ ಎಂದು ಜನ ದೂರು ಕೊಟ್ಟರು. ದೂರಿನಲ್ಲಿ ನ್ಯಾಯವಿತ್ತು. ಭಟ್ಟಿಯವರನ್ನು ಹಳ್ಳದ ಆಚೆ ಕಳಿಸಿ, ಅವರಿಗೊಂದು ಬೀದಿ ಮಾಡಿ, ಹಳ್ಳದ ಅಡಿಯಲ್ಲಿ ಪೈಪು ಹಾಯಿಸಿ, ಕಲ್ಲಿನ ಮೇಲೆ ‘ಶಾಶ್ವತ ಕುಡಿಯುವ ನೀರಿನ ಸೌಲಭ್ಯ’ ಎಂದು ಕೆತ್ತಿಸಿದಿರಿ. ಭಟ್ಟಿಯವರು ಆ ಮಾತನ್ನು ನಂಬಿ ಹೋದರು. ಭತ್ತ ನೆನೆಸಲು ನೀರು ಬೇಕು, ನೀರಿಲ್ಲದೆ ಮಂಡಕ್ಕಿಯಿಲ್ಲ, ಅದನ್ನು ನೀವೂ ತಿಳಿದಿದ್ದಿರಿ. ನಿಮ್ಮ ಶಾಶ್ವತಕ್ಕೆ ಈಗ ವಯಸ್ಸಾಗಿದೆ. ಹಳ್ಳದಡಿಯ ಪೈಪು ಒಡೆದು ಒಡೆದು, ತೇಪೆಗೇ ತೇಪೆ ಹಾಕಿದ್ದೇವೆ. ಅಲ್ಲಿಗೆ ಬಿಟ್ಟ ನೀರಿನಲ್ಲಿ ಹೆಚ್ಚಿನದು ಹಳ್ಳದ ಪಾಲು.

ಪೈಪು ಪೂರ್ತಿ ಬದಲಿಸಬಹುದು. ಬದಲಿಸಿದರೆ ಊರಿನ ಹೆರಿಗೆ ವಾರ್ಡನ್ನು ಮುಚ್ಚಬೇಕು. ಎರಡಕ್ಕೂ ಆಗುವಷ್ಟು ಹಣ ನನ್ನ ಹತ್ತಿರ ಇಲ್ಲ. ಸಾಲ ಎತ್ತಬಾರದೇ ಎನ್ನುತ್ತೀರಿ. ನಿಮ್ಮ ಮೊಮ್ಮಕ್ಕಳ ಕಾಲದವರು ನಮ್ಮ ಪಾಲಿನ ಸಾಲವನ್ನೂ ಎತ್ತಿ ಮುಗಿಸಿದ್ದಾರೆ. ಹೋದ ಮಳೆಗಾಲ ಛಾವಣಿ ಸೋರಿ ಕೆಲವು ದಿನ ಹೆರಿಗೆ ವಾರ್ಡು ಮುಚ್ಚಿದ್ದೆವು. ಆಗ ಪಕ್ಕದ ಊರಿಗೆ ಹೊರಟ ಒಬ್ಬಳಿಗೆ ದಾರಿಯಲ್ಲೇ ಹೆರಿಗೆಯಾಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅವಳ ಗಂಡ ನನ್ನ ಕಚೇರಿಗೆ ಬಂದು ಬೈಯಲಿಲ್ಲ, ಬೆಂಚಿನ ಮೇಲೆ ಕೂತು ಎದ್ದು ಹೋದ. ಅದಾದ ಮೇಲೆ ನಾನು ಬೇರೆ ಏನನ್ನೂ ಆರಿಸಲಾರದೆ ಹೋದೆ.

ಭಟ್ಟಿ ಬೀದಿಯಲ್ಲಿ ನನ್ನ ಅಕ್ಕ ಇದ್ದಾಳೆ. ಗೌರಕ್ಕ. ಅವ್ವ ಹೋದಾಗ ನಾನು ತೀರಾ ಚಿಕ್ಕವಳು. ಅಕ್ಕ ಭಟ್ಟಿಯ ಮುಂದೆ ಕೂತು, ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ, ಆ ಮಂಡಕ್ಕಿ ಮಾರಿ ನನ್ನನ್ನು ಓದಿಸಿದಳು. ಅವಳ ಅಂಗೈಯಲ್ಲಿ ಈಗಲೂ ಸುಟ್ಟ ಗುರುತುಗಳಿವೆ. ನಾನು ಈ ಕುರ್ಚಿಯಲ್ಲಿ ಕೂತಿರುವುದು ಆ ಕೈಗಳಿಂದ. ನೀರು ನಿಂತರೆ ಭಟ್ಟಿ ಆರುತ್ತದೆ. ಪೇಟೆಯಲ್ಲಿ ಖಾಲಿ ಮನೆಗಳಿವೆ, ಕೊಡುತ್ತೇವೆ, ಆದರೆ ಪೇಟೆಯೊಳಗೆ ಭಟ್ಟಿ ಹಚ್ಚಬಾರದೆಂಬ ನಿಮ್ಮ ಕಾಲದ ನಿಯಮ ಇನ್ನೂ ಇದೆ. ಅದನ್ನು ತೆಗೆಯಿರಿ ಎಂದು ನಾನು ಸಭೆಯಲ್ಲಿ ಕೇಳಿದೆ. ಪೇಟೆಯವರು ಒಪ್ಪಲಿಲ್ಲ. ಮುಂದೂಡಲು ತೀರ್ಮಾನಿಸಲಾಯಿತು.

ಬೀದಿಯ ಆಯ್ಕೆ ಮುಗಿಯುವವರೆಗೆ ಅಲ್ಲಿಯವರಿಗೆ ಸುಳಿವು ಕೊಡುವಂತಿಲ್ಲ. ಬೀದಿ ಬೀದಿಗಳ ನಡುವೆ ಹೊಡೆದಾಟವಾಗುತ್ತದೆ ಎಂದು ಹಾಗೊಂದು ನಿಯಮ ಮಾಡಿದ್ದಾರೆ. ಹಾಗಾಗಿ ಎಲ್ಲ ಮುಗಿದ ಮೇಲೆ ಅಕ್ಕನ ಮನೆಗೆ ಹೋದೆ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ. ಮಂಡಕ್ಕಿಗೆ ಎಣ್ಣೆ, ಈರುಳ್ಳಿ, ಖಾರ ಕಲಸಿ ಮುಂದಿಟ್ಟು, ‘ಮೊದ್ಲು ತಿನ್ನು, ಆಮ್ಯಾಲೆ ಹೇಳೀಯಂತೆ’ ಎಂದಳು. ತಿಂದೆ. ಹೇಳಿದೆ. ಹೆರಿಗೆ ವಾರ್ಡಿನ ವಿಷಯವನ್ನೂ ಹೇಳಿದೆ. ಅವಳು ಒಲೆಗೆ ಹೊಟ್ಟು ತಳ್ಳಿದಳು. ‘ಆಸ್ಪತ್ರೆ ಮುಚ್ಚಬ್ಯಾಡ ಅಂತ ನಾನೂ ಹೇಳ್ತಿದ್ದೆ ಕಣವ್ವ. ನೀನು ಕೇಳಿದ್ರೆ ತಾನೇ! ಕೋಳಿ ಕೇಳಿ ಮಸಾಲೆ ಅರೀತಾರಾ?’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊಡಲು ತಯಾರಿದ್ದವಳಿಂದ ನಾವು ಕಿತ್ತುಕೊಂಡೆವಲ್ಲ ಎಂದು ಅಕ್ಕನ ಎದುರಿಗೇ ಅತ್ತುಬಿಟ್ಟೆ.

ಈಗ ನನ್ನ ಕೋರಿಕೆ. ಇದು ಹಾಲಮ್ಮನವರಿಗೆ.

ಅಮ್ಮಾ, ನೀವು ಅಧ್ಯಕ್ಷೆಯಾಗಿದ್ದಷ್ಟೂ ಕಾಲ ನಿಮ್ಮ ಪಕ್ಕದ ಕುರ್ಚಿಯಲ್ಲಿ ನಿಮ್ಮ ಯಜಮಾನರು ಕೂತು ಮಾತಾಡುತ್ತಿದ್ದರೆಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ನಡಾವಳಿಯಲ್ಲಿ ನಿಮ್ಮ ಸ್ವಂತ ಮಾತು ಒಂದೇ ಕಡೆ ಸಿಗುತ್ತದೆ. ಆ ಆಯವ್ಯಯ ಸಭೆಯಲ್ಲಿ, ಎಲ್ಲ ವಾರ್ಡುಗಳ ಪಾಲು ಮುಗಿದ ಮೇಲೆ, ‘ಹೊಳೆ ಪೈಪಿನದು ಏನಾಯ್ತು?’ ಎಂದು ಅಧ್ಯಕ್ಷರು ಕೇಳಿದರು ಎಂದಿದೆ. ಅದರ ಮುಂದಿನ ಸಾಲು: ‘ಚಹಾ ವಿರಾಮ.’ ಆಮೇಲೆ ಸಭೆ ಕೂತಾಗ ಬೇರೆ ವಿಷಯ ಎತ್ತಿಕೊಂಡಿದ್ದಾರೆ. ನೀವು ಮತ್ತೆ ಕೇಳಲಿಲ್ಲ. ಶಾಲೆಯಲ್ಲಿ ಈ ಪುಟ ಓದುವಾಗ ನಮ್ಮ ಹುಡುಗಿಯರು, ಕೇಳಮ್ಮಾ, ಇನ್ನೊಂದು ಸಲ ಕೇಳು ಎಂದು ಕೂಗುತ್ತಾರೆ. ನಾನೂ ಕೂಗಿದವಳೇ.

ಚಹಾ ಕುಡಿದ ಮೇಲೆ ಇನ್ನೊಂದು ಸಲ ಕೇಳಿ. ಯಾರಾದರೂ ನಕ್ಕರೆ ನಗಲಿ. ವಾರ್ಡುಗಳಿಗೆ ಹಂಚುವ ಮುಂಚೆ ಪೈಪಿನ ಪಾಲನ್ನು ತೆಗೆದಿಡಿ, ಪ್ರತಿ ವರ್ಷ ತೆಗೆದಿಡಿ ಎನ್ನಿ. ನೀರಿನ ಕಂದಾಯ ಕಟ್ಟಿ ಎಂದು ಮೊದಲು ನಿಮ್ಮ ಮನೆಯವರಿಗೇ ಹೇಳಿ. ಭಟ್ಟಿಯವರನ್ನು ಹಳ್ಳದ ಆಚೆ ಕಳಿಸುವ ಮುನ್ನ ಅವರನ್ನು ಕರೆದು ಕೂರಿಸಿ ಮಾತಾಡಿ. ಇಷ್ಟು ಮಾಡಿದರೆ ಮುಂದಿನ ಚುನಾವಣೆಯಲ್ಲಿ ನೀವು ಸೋಲುವ ಸಂಭವವಿದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಹೆಸರು ಯಾವ ಕಲ್ಲಿನ ಮೇಲೂ ಉಳಿಯಲಿಕ್ಕಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ನಾವು ಈಗ ಬುದ್ಧಿವಂತರಾಗಿದ್ದೇವೆ, ನಮ್ಮ ಬುದ್ಧಿಗೆ ಕೆಲಸವಿಲ್ಲ. ನಿಮ್ಮ ಬುದ್ಧಿಗೆ ಇನ್ನೂ ಕೆಲಸವಿದೆ. ಅದಕ್ಕಾಗಿ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆ.

ನಾಳೆ ಬೆಳಿಗ್ಗೆ ಇದನ್ನು ಭಟ್ಟಿ ಬೀದಿಯ ಜನರ ಎದುರು ಓದಿ, ಹಳ್ಳದ ದಂಡೆಗೆ ಹೋಗಿ, ಆ ಬೀದಿಯ ವಾಲ್ವನ್ನು ನಾನೇ ಮುಚ್ಚಬೇಕು. ಬೇರೆಯವರ ಕೈಯಿಂದ ಮುಚ್ಚಿಸುವಂತಿಲ್ಲ, ತೀರ್ಮಾನ ಮಾಡಿದವಳೇ ಮಾಡಬೇಕು. ಹೇಗೆ ಮಾಡುತ್ತೇನೋ ತಿಳಿಯದು. ಈಗಷ್ಟೇ ಗೌರಕ್ಕ ತನ್ನ ನೆರೆಮನೆಯವರ ಹತ್ತಿರ ಹೇಳಿ ಕಳಿಸಿದ್ದಾಳೆ: ‘ಒಬ್ಬಳೇ ಹೋಗಬ್ಯಾಡ ಅನ್ರಿ. ಆ ವಾಲ್ವು ತುಕ್ಕು ಹಿಡಿದು ಬಾಳ ಬಿಗಿ ಐತೆ, ಅವಳ ಕೈಲಿ ಆಗಲ್ಲ. ನಾನೂ ಬರ್ತೀನಿ, ಇಬ್ಬರೂ ಸೇರಿ ತಿರುಗಿಸೋಣ.’

ನಿಮ್ಮ ಊರನ್ನು ನಿಮ್ಮ ನಂತರ ನಿಭಾಯಿಸುತ್ತಿರುವ,
ಸುಕನ್ಯಾ