ತಿಳೀತ್ರಿ ಸರ್

ಆಳಂದ, ಫೆಬ್ರವರಿ ೧೯೮೭

ಮಹಾನಂದಾ,

ನಿನ್ನ ಗಂಡನ ಮನಿ ವಿಳಾಸ ನಿಮ್ಮಪ್ಪಗ ಕೇಳಾಕ ನನಗ ಮುಖ ಇಲ್ಲ. ಆದ್ರೂ ಬರ್ಯಾಕತ್ತೇನಿ, ಯಾಕಂದ್ರ ಸಂಜಿಯಿಂದ ಒಂದು ಕಡೆ ಕೂಡಾಕ ಆಗವಲ್ದು.

ಈಗ ನನ್ನ ಹತ್ರ ಟ್ಯೂಷನ್ನಿಗೆ ಜಿಡಗಾದಿಂದ ಭೀಮಶಾ ಅಂತ ಒಬ್ಬಾತ ಬರ್ತಾನ, ನಿನ್ನಂಗ ಬಿ.ಎಸ್ಸಿ. ಓದಾಕತ್ತಾನ. ಇವತ್ತು ಒಂದು ಲೆಕ್ಕ ಮಾಡಿ ತೋರಿಸಿದೆ. ತಲಿ ತಗ್ಗಿಸಿ "ತಿಳೀತ್ರಿ ಸರ್" ಅಂದ. ನೀನೂ ವರ್ಷಪೂರ್ತಿ ಹಿಂಗ ಅಂತಿದ್ದಿ. ತಿಳೀಲಿಲ್ಲ ಅಂದ್ರ ಗುರುವಿಗೆ ಅಪಮಾನ ಅಂತ ನಮ್ಮ ಕಡೆ ಮನ್ಯಾಗ ಕಲಿಸಿರ್ತಾರ. ನಾನು ಹಲಿಗಿ ಒರಸಿ, ಚಾಕ್‌ಪೀಸ್ ಅವನ ಕೈಯಾಗ ಕೊಟ್ಟು, "ಈಗ ನೀ ನನಗ ಕಲಿಸಪ್ಪ" ಅಂದೆ.

ಎರಡನೇ ಸಾಲಿಗೇ ನಿಂತುಬಿಟ್ಟ. ಚಾಕ್‌ಪೀಸ್ ಕಸಗೊಳ್ಳಾಕ ನನ್ನ ಕೈ ತಾನಾಗೇ ಎದ್ದಿತ್ತು. ಆ ಕೈ ತೊಡಿ ಕೆಳಗ ಒತ್ತಿಟ್ಟು ಕುಂತೆ. ಹತ್ತು ನಿಮಿಷ ಆದ ಮ್ಯಾಲೆ ಅಂವ, "ಇಲ್ಲಿ ತಿಳದಿಲ್ರಿ" ಅಂದ.

"ಎಲ್ಲಿ?"

ಬೆರಳಿಟ್ಟು ತೋರಿಸಾಕ ಹೋದಾಂವ ಅಲ್ಲೇ ತಪ್ಪು ಕಂಡು, ತಾನೇ ಒರಸಿ, ಮುಂದ ಬರಕೋತ ಹೋದ. ಬರೇ ಹತ್ತು ನಿಮಿಷ, ಮಹಾನಂದಾ.

ನೀ ಫೇಲಾದ ತಿಂಗಳಿಗೇ ನಿಮ್ಮಪ್ಪ ನಿನ್ನ ಲಗ್ನ ಮಾಡಿದ್ರು. ನೀ ಇಲ್ಲೇ ಬಿಟ್ಟು ಹೋದ ನೋಟ್‌ಬುಕ್ಕು ಈಗ ತೆಗದು ನೋಡಿದೆ. ಅದರಾಗ ಒಂದು ಲೆಕ್ಕನೂ ತಪ್ಪಿಲ್ಲ. ಎಲ್ಲಾ ನನ್ನ ಅಕ್ಷರದಾಗ ಅವ. ನಿನ್ನ ಅಕ್ಷರ ಇರೋದು ಮ್ಯಾಲಿನ ರಟ್ಟಿನ ಮ್ಯಾಲೆ ಅಷ್ಟ, ನಿನ್ನ ಹೆಸರು.