ಪರದೆಯ ಮೇಲಿದ್ದವಳಿಗೆ ಗೈರುಹಾಜರಿ

ನಮ್ಮ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಕಾಲೇಜಿನ ಗೇಟಿಗೆ ನೀವು ಕಟ್ಟಿಸಿರುವ ಇಪ್ಪತ್ತು ಅಡಿಯ ಫ್ಲೆಕ್ಸಿನಲ್ಲಿ ಯಾರ ಫೋಟೋ ಇದೆಯೋ, ಅವಳಿಗೆ ಅದೇ ಗೇಟಿನೊಳಗೆ ಕೂತು ಪರೀಕ್ಷೆ ಬರೆಯಲು ಹಾಲ್ ಟಿಕೆಟ್ ಇಲ್ಲ. ಕಾರಣ, ಹಾಜರಿ ಸಾಲದು. ಭಾರತದ ಇಪ್ಪತ್ತು ವರ್ಷದೊಳಗಿನ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತನ್ನು ಹೊರದೇಶದಲ್ಲಿ ಆಡುತ್ತಿದ್ದ ದಿನಗಳಲ್ಲಿ ವೀಕ್ಷಾ ಎಂಬ ಹುಡುಗಿ ನಿಮ್ಮ ತರಗತಿಯಲ್ಲಿ ಕಾಣಲಿಲ್ಲವಂತೆ. ಎಂಥ ಅಪರಾಧ! ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಬಹುದೆಂದು ಅವಳಿಗೆ ತೋಚಲೇ ಇಲ್ಲ. ಆ ಫ್ಲೆಕ್ಸಿನಲ್ಲಿ ನೀವಿದ್ದೀರಲ್ಲ ಹಾಗೆ: ಎಡ ಮೂಲೆಯಲ್ಲಿ ಕೈಮುಗಿದುಕೊಂಡು, ಬಲ ಮೂಲೆಯಲ್ಲಿ ನಗುತ್ತಾ.

ನಾನು ವೀಕ್ಷಾಳ ಹಾಸ್ಟೆಲ್ ರೂಮ್‌ಮೇಟ್. ಮೊದಲ ವರ್ಷದ ಬಿ ಸೆಕ್ಷನ್ನಿನ ಕ್ಲಾಸ್ ರೆಪ್ ಕೂಡ. ಬೇರೆ ಯಾರೂ ಕೈಯೆತ್ತದಿದ್ದಾಗ ಆ ಮೌನ ತಡೆಯಲಾಗದೆ ಗಾಬರಿಯಲ್ಲಿ ಕೈಯೆತ್ತಿ ರೆಪ್ ಆದವಳು. ನಾವಿಬ್ಬರೂ ನಿಮಗೆ ಇಂಗ್ಲಿಷಿನಲ್ಲಿ ಮೂರು ಅರ್ಜಿ ಕೊಟ್ಟಿದ್ದೇವೆ. ಮೂರರ ಮೇಲೂ ‘ರಿಸೀವ್ಡ್’ ಎಂಬ ಸೀಲು ಬಿದ್ದಿದೆ, ನಿಮ್ಮ ಕಣ್ಣು ಮಾತ್ರ ಬಿದ್ದಿಲ್ಲ. ಹಾಗಾಗಿ ಈ ಸಲ ಕನ್ನಡದಲ್ಲಿ, ಚೆನ್ನೈನ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಬರುವ ಭಾನುವಾರ ಬಳಗದ ರಾಜ್ಯೋತ್ಸವದಲ್ಲಿ ನಿಮಗೆ ‘ಕ್ರೀಡಾ ಪೋಷಕ’ ಎಂಬ ಬಿರುದು ಕೊಡುತ್ತಾರೆ. ನಿಮ್ಮ ಬಗ್ಗೆ ಏನು ಅಚ್ಚಾಗಿದೆಯೆಂದು ನೋಡಲು ಈ ಸಂಚಿಕೆಯನ್ನಂತೂ ನೀವು ತೆರೆದೇ ತೆರೆಯುತ್ತೀರಿ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ, ಇಂಗ್ಲಿಷಿನಲ್ಲಿ ಬೆಳೆದವಳ ಕನ್ನಡ ಇದು. ಕಾಗುಣಿತವನ್ನು ನನ್ನ ಅಜ್ಜಿ ಭೀಮಾಬಾಯಿ ತಿದ್ದಿದ್ದಾರೆ. ಸಿಟ್ಟನ್ನು ತಿದ್ದಬೇಡಿ ಎಂದು ಕೇಳಿಕೊಂಡೆ. “ಅದನ್ಯಾಕೆ ತಿದ್ದಲಿ? ಅದೊಂದೇ ಸರಿಯಾಗಿ ಬರೆದಿದ್ದೀ,” ಎಂದರು.

ಮೊದಲು ಓ.ಡಿ. ವಿಚಾರ. ಕಾಲೇಜಿನ ಪರವಾಗಿ ಹೊರಗೆ ಹೋದವರಿಗೆ ಹಾಜರಿ ಕೊಡುವ ಆನ್ ಡ್ಯೂಟಿ ಫಾರಂ ಹಿಡಿದುಕೊಂಡು ನಾವು ನಿಮ್ಮ ಕಚೇರಿಗೆ ಹೋದೆವು. ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಯಾವ ಟೀಮ್ ಮಾ?”

“ಇಂಡಿಯಾ ಟೀಮ್ ಸಾರ್,” ಎಂದಳು ವೀಕ್ಷಾ.

ಅವರು ಓ.ಡಿ. ಸಿಗುವ ತಂಡಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. “ಇಂಟರ್ ಕಾಲೇಜ್ ಇದೆ, ಯೂನಿವರ್ಸಿಟಿ ಇದೆ. ಇಂಡಿಯಾ ಲಿಸ್ಟಲ್ಲಿ ಇಲ್ವೇ ಮಾ. ನಾನ್ ಎನ್ನ ಪಣ್ಣ?” ನಾನೇನು ಮಾಡಲಿ ಎಂದು ಪಾಪ ಅವರೇ ನಮ್ಮನ್ನು ಕೇಳಿದರು.

ಅವರ ಮೇಲೆ ನನಗೆ ದೂರಿಲ್ಲ. ಪಟ್ಟಿಯ ಕೆಳಗಿದ್ದ ಸಹಿ ನಿಮ್ಮದು. ಇಲ್ಲೇ ಚೆನ್ನೈನ ಮಣಲಿಯಲ್ಲಿ ಮೊದಲ ಸುತ್ತಿನಲ್ಲೇ ಸೋತು, ಬಿರಿಯಾನಿ ತಿಂದು ಬಂದ ನಮ್ಮ ಥ್ರೋಬಾಲ್ ತಂಡಕ್ಕೆ ಎರಡು ದಿನದ ಓ.ಡಿ. ಸಿಕ್ಕಿದೆ. ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ಸಾರ್, ಭಾರತ ಯಾವ ತಪ್ಪು ಮಾಡಿತು? ನಮ್ಮ ಕಾಲೇಜಿನ ಮಾನ್ಯತೆ ಪಡೆಯಲು ದೇಶವೇ ಬಂದು ನಿಮ್ಮ ಕಚೇರಿಯ ಮುಂದೆ ಬೆಂಚಿನ ಮೇಲೆ ಕೂರಬೇಕಿತ್ತೇ? ದೇಶ ನಿಮಗೆ ಪಟ್ಟಿಗೆ ಬೇಡವಾಯಿತು, ಫ್ಲೆಕ್ಸಿಗೆ ಮಾತ್ರ ಬೇಕಾಯಿತು.

ಇನ್ನು ಆ ಮಧ್ಯಾಹ್ನದ ಮಾತು. ಗುಂಪಿನ ಕೊನೆಯ ಪಂದ್ಯ. ಡ್ರಾ ಮಾಡಿಕೊಂಡರೂ ನಮ್ಮವರಿಗೆ ಏಷ್ಯನ್ ಕಪ್ಪಿಗೆ ಅರ್ಹತೆ, ಸೋತರೆ ಮನೆ. ನಿಮ್ಮ ನೋಟಿಸು ಬಂತು: ಮೊದಲ ವರ್ಷದವರೆಲ್ಲರೂ ಮೂರು ಗಂಟೆಗೆ ಸಭಾಂಗಣಕ್ಕೆ ಬಂದು ದೊಡ್ಡ ಪರದೆಯಲ್ಲಿ ಪಂದ್ಯ ನೋಡತಕ್ಕದ್ದು, ಅಲ್ಲೇ ಹಾಜರಿ ತೆಗೆದುಕೊಳ್ಳಲಾಗುವುದು. ನೀವೂ ಬಂದಿರಿ. ಪರದೆಯ ಮುಂದೆ ನಿಂತು ಮುಷ್ಟಿ ಎತ್ತಿದಿರಿ. ಫೋಟೋಗ್ರಾಫರ್ ಇನ್ನೊಂದು ಸಲ ಎಂದದ್ದಕ್ಕೆ ಇನ್ನೊಂದು ಸಲ ಎತ್ತಿದಿರಿ. ಹನ್ನೊಂದನೇ ನಿಮಿಷಕ್ಕೆ ಎದ್ದು ಹೋದಿರಿ. ನನಗೆ ಸರಿಯಾಗಿ ಗೊತ್ತು, ಏಕೆಂದರೆ ನೀವು ಹಾದುಹೋದಾಗ ಆ ಎತ್ತರದ ಪರದೆಯ ಮೇಲೂ ಅರ್ಧ ನಿಮಿಷ ನಿಮ್ಮ ನೆರಳೇ ಆಡಿತು.

ಹಾಗಾಗಿ ನೀವು ನೋಡದೇ ಹೋದದ್ದನ್ನು ನಾನೇ ಹೇಳುತ್ತೇನೆ. ಎಂಬತ್ತೆಂಟನೇ ನಿಮಿಷ, ಒಂದು-ಒಂದು ಗೋಲು. ನಮ್ಮ ಗೋಲ್‌ಕೀಪರ್ ಮುಂದೆ ಬಂದು ಬಿದ್ದುಬಿಟ್ಟಿದ್ದಳು. ಚೆಂಡು ಅವಸರವೇ ಇಲ್ಲದೆ ಖಾಲಿ ಗೋಲಿನತ್ತ ಉರುಳುತ್ತಿತ್ತು. ಎಲ್ಲಿಂದಲೋ ಜಾರಿಕೊಂಡು ಬಂದ ವೀಕ್ಷಾ ಸರಿಯಾಗಿ ಗೆರೆಯ ಮೇಲೆ ಅದನ್ನು ಎಡಗಾಲಿನಿಂದ ಆಚೆ ಒದ್ದಳು. ಸಭಾಂಗಣದಲ್ಲಿ ಹುಡುಗಿಯರೆಲ್ಲ ಕುರ್ಚಿ ಹತ್ತಿ ಕಿರುಚಿದರು.

ನಾನು ಕುರ್ಚಿ ಹತ್ತಲಿಲ್ಲ. ನನ್ನ ತೊಡೆಯ ಮೇಲೆ ಹಾಜರಿಯ ಹಾಳೆ ಇತ್ತು. “ಬೇಗ ಮುಗಿಸು ತೃಪ್ತಿ, ಪ್ರಿನ್ಸಿಪಲ್ ಆಫೀಸಿಂದ ಕೇಳ್ತಿದ್ದಾರೆ. ಹಾಲಲ್ಲಿ ಇಲ್ಲದವರಿಗೆಲ್ಲ ಎ ಹಾಕ್ಬೇಕಂತೆ, ಅವರ ಆರ್ಡರ್,” ಎಂದು ನಮ್ಮ ಮೇಡಂ ಬೆನ್ನ ಹಿಂದೆ ನಿಂತಿದ್ದರು. ನಾನು ಬೆಲ್ ಹೊಡೆದರೆ ಏಳುವವಳು, ಬೆಲ್ ಹೊಡೆದರೆ ಊಟ ಮಾಡುವವಳು. ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ಐವತ್ತೇಳು ಹುಡುಗಿಯರಿಗೆ ಪಿ. ಹಿಂದಿನ ಸಾಲಿನಲ್ಲಿ ದುಪಟ್ಟಾ ಹೊದ್ದು ಮಲಗಿದ್ದ ದೀಕ್ಷಿತಾಳಿಗೂ ಪಿ. ಐವತ್ತೆಂಟನೆಯವಳಿಗೆ ಎ. ಆಗ ಅವಳ ಮುಖ ಪರದೆಯ ತುಂಬ ಇತ್ತು, ಹಣೆಗೆ ಹುಲ್ಲು ಮೆತ್ತಿಕೊಂಡಿತ್ತು. ಹಾಲಿನಲ್ಲಿ ದೀಪ ಆರಿಸಿದ್ದರಿಂದ ಅವಳ ಮುಖದ ಬೆಳಕಿನಲ್ಲೇ ಅವಳ ಹೆಸರಿನ ಮುಂದೆ ಎ ಬರೆದೆ.

ಆಟ ನೋಡಿದವರಿಗೆ ಹಾಜರಿ, ಆಡಿದವಳಿಗೆ ಗೈರು. ಇಂಥ ನಿಯಮವನ್ನು ಬುದ್ಧಿವಂತರೇ ಮಾಡಲು ಸಾಧ್ಯ. ಅದನ್ನು ಪಾಲಿಸಲು ನನ್ನಂಥ ಹೇಡಿ ಸಾಕು.

ಭಾರತ ಅರ್ಹತೆ ಪಡೆಯಿತು. ವೀಕ್ಷಾ ಹಿಂತಿರುಗಿದ ವಾರ ಪರೀಕ್ಷೆಗೆ ಕೂರಲಾಗದವರ ಪಟ್ಟಿ ಹಚ್ಚಿದಿರಿ. ಅವಳ ಅಪ್ಪ ಭೋಜರಾಜ ಉಡುಪಿ ಕಡೆಯವರು, ಅಂಬತ್ತೂರಿನ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಾರೆ. ಅವರಿಗೆ ಸುದ್ದಿ ಹೇಳುವಾಗ ನಾನೂ ಪಕ್ಕದಲ್ಲಿದ್ದೆ, ಫೋನ್ ಸ್ಪೀಕರಿನಲ್ಲಿತ್ತು.

“ಆಟಕ್ಕೆ ನಾನು ಯಾವತ್ತೂ ಅಡ್ಡ ಬರಲಿಲ್ಲ ಮಗಾ. ಆದ್ರೆ ಪರೀಕ್ಷೆ ತಪ್ಪಿದ್ರೆ ಮತ್ತೆ ಬೂಟು ಮುಟ್ಲಿಕ್ಕಿಲ್ಲ, ಕ್ಯಾಂಪಿಗೂ ಹೋಗ್ಲಿಕ್ಕಿಲ್ಲ. ಡಿಗ್ರಿ ಆಗ್ಲಿ, ಆಮೇಲೆ ನೋಡುವ.”

“ಡಿಗ್ರಿ ಆಗುವವರೆಗೆ ಟೀಮು ನನ್ನನ್ನು ಕಾಯ್ತದಾ ಅಪ್ಪಾ?”

ಆ ಕಡೆ ಕಲ್ಲಿನ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ನಿಮಗೆ ಅರ್ಥವಾಯಿತೇ? ಮುಂದಿನ ತಿಂಗಳು ಏಷ್ಯನ್ ಕಪ್ಪಿನ ಕ್ಯಾಂಪ್. ಹಾಲ್ ಟಿಕೆಟ್ ಇಲ್ಲದಿದ್ದರೆ ಅವಳು ಅಲ್ಲಿಗೆ ಹೋಗುವುದಿಲ್ಲ. ಎದುರಾಳಿಗಳ ಹನ್ನೊಂದು ಹುಡುಗಿಯರು ತೊಂಬತ್ತು ನಿಮಿಷ ಒದ್ದಾಡಿ ಮಾಡಲಾಗದ್ದನ್ನು ನೀವು ಕುರ್ಚಿಯಿಂದ ಏಳದೆ ಮಾಡಿದ್ದೀರಿ.

ಆ ಫೋನಿನ ದಿನವೇ ನಾನು ಅವಳ ಮುಂದೆ ಹಾಳೆಯ ವಿಷಯ ಒಪ್ಪಿಕೊಂಡೆ. “ಎಂತ ಮಾರಾಯ್ತಿ ನೀನು! ನಾನು ಅಲ್ಲಿ ಗೆರೆ ಮೇಲೆ ಚೆಂಡು ನಿಲ್ಲಿಸಿದೆ, ನೀನು ಇಲ್ಲಿ ಗೋಲು ಹಾಕಿದ್ಯಾ?” ಎಂದು ನಕ್ಕಳು. ನಕ್ಕು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಆ ಎರಡು ದಿನದ ಲೆಕ್ಕವನ್ನೂ ನಿಮ್ಮಿಂದಲೇ ತೀರಿಸಿಕೊಳ್ಳಬೇಕೆಂದಿದ್ದೇನೆ.

ಹೆದರಿಕೆ ಇಲ್ಲವೆಂದಲ್ಲ. ನನ್ನ ಇಂಟರ್ನಲ್ ಮಾರ್ಕ್ಸು ನಿಮ್ಮ ಕೈಯಲ್ಲಿವೆ, ಹಾಸ್ಟೆಲ್ ಸೀಟೂ ನಿಮ್ಮ ಕೈಯಲ್ಲಿದೆ. ಆದರೂ ಕೇಳಿ. ಶುಕ್ರವಾರ ಸಂಜೆ ನಾಲ್ಕರೊಳಗೆ ಆ ಓ.ಡಿ. ಪಟ್ಟಿಗೆ ‘ಭಾರತ’ ಎಂಬ ಒಂದು ಪದ ಸೇರಿಸಿ ಸಹಿ ಹಾಕಿ, ವೀಕ್ಷಾಳಿಗೆ ಹಾಲ್ ಟಿಕೆಟ್ ಕೊಡಿ. ಅವಳ ಹೆಸರಿನ ಮುಂದಿನ ಎ ನಾನು ಬರೆದದ್ದು. ಅದನ್ನು ಹೊಡೆದುಹಾಕಲು ನನ್ನನ್ನೇ ಕರೆಯಿರಿ, ನನ್ನದೇ ಪೆನ್ನು ತರುತ್ತೇನೆ.

ಇಲ್ಲವಾದರೆ ಭಾನುವಾರ ನೋಡೋಣ. ಆ ಹಾಳೆಯ ನಕಲು ನನ್ನ ಬಳಿ ಇದೆ. ನಿಮಗೆ ಶಾಲು ಹೊದಿಸಿ, ಚಪ್ಪಾಳೆ ನಿಂತ ಕೂಡಲೇ ನಾನು ಎದ್ದು ಹಾಜರಿ ಕೂಗುತ್ತೇನೆ. ಮಾತಾಡುವಾಗ ನನ್ನ ದನಿ ನಡುಗುತ್ತದೆ, ಹಾಜರಿ ಕೂಗುವಾಗ ನಡುಗುವುದಿಲ್ಲ, ಅಭ್ಯಾಸವಾಗಿದೆ. ಐವತ್ತೆಂಟು ಎಂದಾಗ ವೀಕ್ಷಾ ನನ್ನ ಪಕ್ಕದಲ್ಲೇ ನಿಂತು ‘ಪ್ರೆಸೆಂಟ್’ ಎನ್ನುತ್ತಾಳೆ. ಹಾಳೆಯ ಕೆಳಗೆ ನಾನೇ ಸ್ಕೇಲಿಟ್ಟು ಇನ್ನೊಂದು ಸಾಲು ಎಳೆದಿದ್ದೇನೆ. ಐವತ್ತೊಂಬತ್ತು, ಪ್ರಾಂಶುಪಾಲರು, ಹನ್ನೊಂದನೇ ನಿಮಿಷದಿಂದ ಹಾಲಿನಲ್ಲಿಲ್ಲ. ಇಲ್ಲದವರಿಗೆಲ್ಲ ಎ ಎಂಬುದು ನಿಮ್ಮದೇ ಆರ್ಡರ್. ಹಾಕಿದ್ದೇನೆ. ವೀಕ್ಷಾಳದನ್ನು ಅಳಿಸಿದರೂ ನಿಮ್ಮದನ್ನು ಅಳಿಸುವುದಿಲ್ಲ.

ಇಂತಿ,
ನೂರಕ್ಕೆ ನೂರು ಹಾಜರಿ ಇಟ್ಟುಕೊಂಡು ತಲೆ ತಗ್ಗಿಸಿರುವ
ತೃಪ್ತಿ
ಮೊದಲ ವರ್ಷ, ಬಿ ಸೆಕ್ಷನ್